ಹಾಜರಿದ್ದವರು ಐವತ್ತು

ಇಪ್ಪತ್ತೊಂದು ವರ್ಷ ನಾನು ನಮ್ಮ ವಾರ್ಡಿನ ಸಭೆಯ ನಡಾವಳಿ ಬರೆದೆ. ಅದರಲ್ಲಿ ನಿಜವಾಗಿ ನಡೆದ ಸಭೆಗಳು ಎಷ್ಟು ಎಂದು ಕೇಳಿದರೆ ಲೆಕ್ಕಕ್ಕೆ ಒಂದು ಕೈಯ ಬೆರಳುಗಳು ಸಾಕು, ಅದರಲ್ಲೂ ಒಂದೆರಡು ಮಿಕ್ಕುತ್ತವೆ. ಇದನ್ನು ಈಗ ತಲೆ ತಗ್ಗಿಸಿ ಹೇಳುತ್ತಿದ್ದೇನೆ. ಆಗ ತಲೆ ಎತ್ತಿಕೊಂಡೇ ಓಡಾಡುತ್ತಿದ್ದೆ.

ಕಾನೂನಿನಲ್ಲಿ ತಪ್ಪೇನೂ ಇರಲಿಲ್ಲ. ಪ್ರತಿ ತಿಂಗಳ ಮೊದಲ ಶನಿವಾರ ಸಂಜೆ ನಾಲ್ಕಕ್ಕೆ ವಾರ್ಡಿನ ನಿವಾಸಿಗಳು ಕಚೇರಿಯ ಮಹಡಿಯ ಹಾಲಿನಲ್ಲಿ ಸೇರಬೇಕು. ಐವತ್ತು ಜನರಾದರೂ ಇದ್ದರೆ ಕೋರಂ. ಬೀದಿ ದೀಪ, ಚರಂಡಿ, ನೀರು, ಸರ್ಕಾರಿ ಕಟ್ಟಡಗಳ ಬಳಕೆ, ಎಲ್ಲವೂ ಅವರ ಮಾತಿನಂತೆ ನಡೆಯಬೇಕು. ಯಾರೋ ಪುಣ್ಯಾತ್ಮರು ಕೂತು ಯೋಚಿಸಿ ಬರೆದ ಕಾನೂನು. ಹಾಲಿಗೆ ಅರವತ್ತು ಮಡಚುವ ಕುರ್ಚಿಗಳನ್ನೂ ಕೊಟ್ಟಿದ್ದರು.

ನಾನು ಕೆಲಸಕ್ಕೆ ಸೇರಿದ ಮೊದಲ ತಿಂಗಳು ಆ ಅರವತ್ತು ಕುರ್ಚಿಗಳನ್ನೂ ಒರೆಸಿ ಸಾಲಾಗಿ ಇಟ್ಟು ಕಾದೆ. ಮೂವರು ಬಂದರು. ಒಬ್ಬರು ತಮ್ಮ ಮನೆಯ ನಲ್ಲಿಯ ವಿಷಯ ಹೇಳಿ ಎದ್ದು ಹೋದರು, ಒಬ್ಬರು ಇದು ಪಿಂಚಣಿ ಕಚೇರಿ ಅಂದುಕೊಂಡಿದ್ದರು, ಮೂರನೆಯವರು ಫ್ಯಾನಿನ ಕೆಳಗೆ ಒಂದು ನಿದ್ದೆ ತೆಗೆದರು. ಎರಡನೇ ತಿಂಗಳು ಆ ನಿದ್ದೆಯವರೂ ಬರಲಿಲ್ಲ. ಮೇಲಿನ ಕಚೇರಿಯವರು ಫೋನಿನಲ್ಲಿ ಗದರಿದರು. ನಡಾವಳಿ ಬರದಿದ್ದರೆ ನಿಮ್ಮ ವಾರ್ಡಿನ ಒಂದು ಬಲ್ಬೂ ಬದಲಾಗುವುದಿಲ್ಲ ಎಂದರು. ನಮ್ಮ ಬೀದಿಯ ದೀಪ ಆಗಲೇ ಕೆಟ್ಟು ಕೂತಿತ್ತು.

ಆಗ ನನಗೆ ಹೊಳೆದದ್ದು ಇಸ್ತ್ರಿಯಮ್ಮ. ಅವಳ ತಳ್ಳುಗಾಡಿ ನಿಲ್ಲುತ್ತಿದ್ದದ್ದು ಕಚೇರಿಯ ಕಾಂಪೌಂಡಿನ ಪಕ್ಕದಲ್ಲೇ. ಇಸ್ತ್ರಿ ಮಾಡಿದ ಬಟ್ಟೆ ಕೊಡಲು ವಾರ್ಡಿನ ಎಲ್ಲ ಮನೆಗಳ ಬಾಗಿಲಿಗೂ ಅವಳು ಹೋಗುತ್ತಿದ್ದಳು. ಹಾಜರಿ ಪುಸ್ತಕವನ್ನು ಅವಳ ಕೈಗೆ ಕೊಟ್ಟೆ. ಜನ ಅಂಗಿಗಳನ್ನು ಎಣಿಸಿಕೊಂಡು, ಅವಳು ತೋರಿಸಿದ ಕಡೆ ಸಹಿ ಹಾಕಿದರು. ಎರಡು ದಿನದಲ್ಲಿ ಅರವತ್ತೆರಡು ಸಹಿ ಬಂತು. ಸಭೆಗೆ ಬರುವ ತಾಪತ್ರಯ ತಪ್ಪಿತಲ್ಲ ಎಂದು ಎಲ್ಲರಿಗೂ ಸಮಾಧಾನ. ಎಷ್ಟು ಒಳ್ಳೆಯ ಏರ್ಪಾಡು ಮಾಡಿದಿರಿ ಸಾರ್ ಎಂದು ದಾರಿಯಲ್ಲಿ ನಿಲ್ಲಿಸಿ ಬೆನ್ನು ತಟ್ಟಿದವರೂ ಉಂಟು. ಆ ತಿಂಗಳು ಬೀದಿ ದೀಪವೂ ಉರಿಯಿತು.

ಸಹಿಯೇನೋ ಬಂತು. ನಡಾವಳಿಯಲ್ಲಿ ಚರ್ಚೆ ಬೇಕಲ್ಲ? ಮೇಲಿನ ಕಚೇರಿಯಿಂದ ಠರಾವುಗಳ ಕರಡು ಬರುತ್ತಿತ್ತು. ಒಂದೊಂದರ ಕೆಳಗೂ ಯಾರು ಏನು ಹೇಳಿದರು ಎಂದು ಬರೆಯಬೇಕು. ನಾನು ಬರೆಯುತ್ತಾ ಹೋದೆ. ಹೆಸರು ಹಾಕುವ ಪದ್ಧತಿ ಇರಲಿಲ್ಲ, ಮನೆ ನಂಬರು ಸಾಕಿತ್ತು. ಇಪ್ಪತ್ತನೇ ಮನೆಯವರು ಚರಂಡಿಯ ಬಗ್ಗೆ ಕಳವಳ ವ್ಯಕ್ತಪಡಿಸಿದರು. ಐದನೇ ಮನೆಯ ನಿವೃತ್ತ ಮೇಷ್ಟ್ರು ಅದಕ್ಕೆ ಸಮರ್ಥವಾಗಿ ಉತ್ತರಿಸಿದರು. ನಿಜ ಜೀವನದಲ್ಲಿ ಆ ಇಬ್ಬರಿಗೂ ಮಾತೇ ಇರಲಿಲ್ಲ. ನನ್ನ ಪುಸ್ತಕದಲ್ಲಿ ಮಾತ್ರ ಅವರು ಪರಸ್ಪರ ಗೌರವದಿಂದ ವಾದ ಮಾಡುತ್ತಿದ್ದರು. ಮೇಷ್ಟ್ರು ಒಮ್ಮೆ ತಮ್ಮ ಭಾಷಣವನ್ನು ಓದಿ, ಇದನ್ನು ನಾನು ಯಾವಾಗ ಹೇಳಿದೆನೋ ನೆನಪಿಲ್ಲ, ಆದರೆ ಚೆನ್ನಾಗಿಯೇ ಹೇಳಿದ್ದೇನೆ ಎಂದರು.

ಇನ್ನೊಂದು ನಿಯಮವಿತ್ತು. ಪ್ರತಿ ಸಭೆಯಲ್ಲೂ ಒಬ್ಬ ಮಹಿಳೆಯಾದರೂ ಮಾತನಾಡಿರಬೇಕು. ಬೇರೆಯವರ ಮನೆಯ ಹೆಂಗಸರ ಬಾಯಲ್ಲಿ ಮಾತು ತುರುಕಿದರೆ ನಾಳೆ ಜಗಳವಾದೀತು. ಅದಕ್ಕೇ ಆ ಜಾಗಕ್ಕೆ ನಾನು ಯಾವಾಗಲೂ ನನ್ನ ಅಕ್ಕನನ್ನೇ ಹಾಕುತ್ತಿದ್ದೆ. 'ಹದಿನಾಲ್ಕನೇ ಮನೆಯ ಹಿರಿಯ ಮಹಿಳೆ.' ಅವಳೇನೂ ತಕರಾರು ತೆಗೆಯುವವಳಲ್ಲ.

ನನ್ನನ್ನು ಸಾಕಿದವಳು ಅಕ್ಕ. ನನಗೆ ಎಂಟು ವರ್ಷವಾಗಿದ್ದಾಗಿನಿಂದ ಅಕ್ಕನೂ ಅವಳೇ, ಅಮ್ಮನೂ ಅವಳೇ. ಗಿರಣಿಯ ಬಟ್ಟೆ ಮಡಿಸುವ ವಿಭಾಗದಲ್ಲಿ ಇಪ್ಪತ್ತಾರು ವರ್ಷ ನಿಂತೇ ಕೆಲಸ ಮಾಡಿ ನನ್ನನ್ನು ಓದಿಸಿದಳು. ಅವಳೂ ಮದುವೆಯಾಗಲಿಲ್ಲ, ಅವಳನ್ನು ನೋಡಿಕೊಂಡು ನಾನೂ ಹಾಗೆಯೇ ಉಳಿದೆ. ನಡಾವಳಿ ಬರೆದ ದಿನ ಮನೆಗೆ ಬಂದು, ಈ ತಿಂಗಳು ನೀನು ಏನು ಮಾತಾಡಿದೆ ಗೊತ್ತಾ ಎಂದು ಅವಳಿಗೆ ಓದಿ ಹೇಳುತ್ತಿದ್ದೆ. ಅವಳು ಕೆಲಸ ನಿಲ್ಲಿಸಿ ಕೇಳಿ, ನಾನು ಇಷ್ಟು ಜಾಣೆ ಅಂತ ನನಗೇ ಗೊತ್ತಿರಲಿಲ್ಲ ಕಣೋ ಎಂದು ನಗುತ್ತಿದ್ದಳು.

ಒಮ್ಮೆ ಮಾತ್ರ ನಗಲಿಲ್ಲ. "ಒಂದು ಸಲ ನಾನೇ ಬಂದು ಮಾತಾಡ್ಲಾ?" ಎಂದು ಕೇಳಿದಳು.

"ಬಂದು ಯಾರ ಹತ್ರ ಮಾತಾಡ್ತೀಯ, ಕುರ್ಚಿಗಳ ಹತ್ರಾನಾ?" ಎಂದು ನಾನು ತಮಾಷೆ ಮಾಡಿದೆ. ಅವಳು ಮತ್ತೆ ಕೇಳಲಿಲ್ಲ.

ಎರಡು ವರ್ಷದ ಹಿಂದೆ ಅವಳ ಬಲಗಾಲಿನ ಅಡಿಯಲ್ಲಿ ಹುಣ್ಣಾಯಿತು. ಸಕ್ಕರೆ ಕಾಯಿಲೆ ಹಳೆಯದು, ಪಾದಕ್ಕೆ ಸ್ಪರ್ಶಜ್ಞಾನವೇ ಇರಲಿಲ್ಲ. ಹೊಸ ಚಪ್ಪಲಿಯಲ್ಲಿದ್ದ ಸಣ್ಣ ಮೊಳೆ ಇಡೀ ದಿನ ಚುಚ್ಚಿದರೂ ಗೊತ್ತಾಗಿರಲಿಲ್ಲ, ಸಂಜೆ ನೆಲದ ಮೇಲಿನ ರಕ್ತ ನೋಡಿಯೇ ತಿಳಿದದ್ದು. ನಮ್ಮ ಮನೆಯಿಂದ ಆರು ಬಾಗಿಲು ಆಚೆ ವಾರ್ಡಿನ ಆರೋಗ್ಯ ಕೇಂದ್ರ. ಎರಡು ಕೋಣೆ, ಒಂದು ಮಂಚ, ಒಬ್ಬರು ನರ್ಸಮ್ಮ. ಎಲ್ಲರೂ ಅದನ್ನು ನರ್ಸಮ್ಮನ ಮನೆ ಅಂತಲೇ ಕರೆಯುತ್ತಿದ್ದರು. ದಿನ ಬಿಟ್ಟು ದಿನ ಅಕ್ಕ ಗೋಡೆ ಹಿಡಿದುಕೊಂಡು ಅಲ್ಲಿಗೆ ಹೋಗುತ್ತಿದ್ದಳು. ನರ್ಸಮ್ಮ ಗಾಯ ತೊಳೆದು, ಸತ್ತ ಚರ್ಮ ತೆಗೆದು, ಹೊಸ ಪಟ್ಟಿ ಕಟ್ಟುತ್ತಿದ್ದರು. ಇವರಿಗೆ ನೋವು ಗೊತ್ತಾಗುವುದಿಲ್ಲ, ಹಾಗಾಗಿ ಬೇರೆಯವರ ಕಣ್ಣು ಗಾಯದ ಮೇಲೆ ಬೀಳುತ್ತಲೇ ಇರಬೇಕು, ನಾಲ್ಕು ದಿನ ಯಾರೂ ನೋಡದಿದ್ದರೆ ಕಾಲನ್ನೇ ಕಳೆದುಕೊಳ್ಳಬೇಕಾಗುತ್ತದೆ ಎಂದು ನನ್ನನ್ನು ಪಕ್ಕಕ್ಕೆ ಕರೆದು ಹೇಳಿದ್ದರು.

ಆ ವರ್ಷದ ಒಂದು ತಿಂಗಳು ಬಂದ ಕರಡಿನಲ್ಲಿ ಹನ್ನೆರಡು ಠರಾವುಗಳಿದ್ದವು. ಏಳನೆಯದು ವಾರ್ಡಿನ ಹನ್ನೊಂದನೇ ನಂಬರಿನ ಕಟ್ಟಡವನ್ನು ಗೋದಾಮಿಗಾಗಿ ಗುತ್ತಿಗೆಗೆ ಕೊಡುವ ಬಗ್ಗೆ. ಹನ್ನೊಂದನೆಯದು ಎಂದರೆ ಮೂಲೆಯ ಹಳೆಯ ಪಂಪ್ ಶೆಡ್ ಇರಬೇಕು ಅಂದುಕೊಂಡೆ. ಆಸ್ತಿ ರಿಜಿಸ್ಟರು ನನ್ನ ಬೆನ್ನ ಹಿಂದಿನ ಬೀರುವಿನಲ್ಲೇ ಇತ್ತು. ಎದ್ದು ನೋಡಲು ಹತ್ತು ಹೆಜ್ಜೆ. ಏಳಲಿಲ್ಲ. ಓದದೆ ಸಹಿ ಹಾಕುವ ಜನರನ್ನು ಕಂಡು ಒಳಗೊಳಗೇ ನಗುತ್ತಿದ್ದ ನಾನೇ ಓದದೆ ಬರೆದೆ. ಅಷ್ಟೇ ಆಗಿದ್ದರೂ ಒಂದು ಮಾತು. ಆ ತಿಂಗಳು ಮಹಿಳೆಯ ಮಾತು ಇನ್ನೂ ಎಲ್ಲೂ ಬಂದಿರಲಿಲ್ಲವಾದ್ದರಿಂದ ಅದರ ಕೆಳಗೆ ಹೀಗೆ ಸೇರಿಸಿದೆ: 'ಹದಿನಾಲ್ಕನೇ ಮನೆಯ ಹಿರಿಯ ಮಹಿಳೆಯು, ಸದರಿ ಕಟ್ಟಡದಿಂದ ಈಗ ಯಾರಿಗೂ ಪ್ರಯೋಜನವಿಲ್ಲದಿರುವುದರಿಂದ ಗುತ್ತಿಗೆಗೆ ಕೊಡುವುದೇ ಸೂಕ್ತವೆಂದು ಸೂಚಿಸಿದರು. ಸಭೆಯು ಸರ್ವಾನುಮತದಿಂದ ಒಪ್ಪಿತು.' ಸಹಿಗಳು ಎಪ್ಪತ್ತೊಂದು. ಆವತ್ತು ಮನೆಗೆ ಹೋಗುವಾಗ ಆಯಾಸವಾಗಿತ್ತು, ಅಕ್ಕನಿಗೆ ಓದಿ ಹೇಳಲಿಲ್ಲ.

ಎರಡು ವಾರ ಕಳೆದ ಮೇಲೆ ನರ್ಸಮ್ಮ ಬಾಗಿಲಿಗೆ ಅಂಟಿಸಿದ್ದ ನೋಟೀಸನ್ನು ಕಿತ್ತುಕೊಂಡು ಬಂದು ನನ್ನ ಮೇಜಿನ ಮೇಲೆ ಇಟ್ಟರು. ಒಂದು ತಿಂಗಳಲ್ಲಿ ಕಟ್ಟಡ ಖಾಲಿ ಮಾಡಬೇಕು. ಕೆಳಗೆ ನನ್ನ ನಡಾವಳಿಯ ಸಾಲುಗಳನ್ನೂ ಹಾಗೆಯೇ ಇಳಿಸಿದ್ದರು. ನಾನು ಎದ್ದು ಬೀರು ತೆಗೆದು ರಿಜಿಸ್ಟರು ನೋಡಿದೆ. ಹನ್ನೊಂದನೆಯದು ಪಂಪ್ ಶೆಡ್ ಅಲ್ಲ, ಆರೋಗ್ಯ ಕೇಂದ್ರ. ನಿಮ್ಮ ಅಕ್ಕ ಯಾಕೆ ಹೀಗೆ ಹೇಳಿದರು ಸಾರ್ ಎಂದು ನರ್ಸಮ್ಮ ಕೇಳಿದರು. ಅವರ ದನಿಯಲ್ಲಿ ಸಿಟ್ಟಿರಲಿಲ್ಲ, ಬೇಸರವಿತ್ತು.

ಅಕ್ಕನಿಗೆ ಕೇಂದ್ರ ಮುಚ್ಚುವ ಸುದ್ದಿಯನ್ನಷ್ಟೇ ಹೇಳಿದೆ, ಉಳಿದದ್ದನ್ನು ಹೇಳುವ ಧೈರ್ಯ ಬರಲಿಲ್ಲ. ತಾನೂ ಮೇಲಿನ ಕಚೇರಿಗೆ ಬರುತ್ತೇನೆ, ಈ ಕಾಲನ್ನು ಕಣ್ಣಾರೆ ನೋಡಿದರೆ ಅವರಿಗೂ ಅರ್ಥವಾಗುತ್ತದೆ ಎಂದು ಹಠ ಹಿಡಿದಳು. ಎರಡು ಬಸ್ಸು ಬದಲಿಸಿ ಹೋದೆವು. ಅಧಿಕಾರಿ ಸಭ್ಯರು. ಅಕ್ಕನಿಗೆ ಕುರ್ಚಿ ಹಾಕಿಸಿ ಎಲ್ಲವನ್ನೂ ಕೇಳಿ, ನಡಾವಳಿಯ ಪ್ರತಿ ತರಿಸಿ ಪುಟ ತೆರೆದರು.

"ಹದಿನಾಲ್ಕನೇ ಮನೆ ಹಿರಿಯರು ಅಂದ್ರೆ ಯಾರಮ್ಮ?" ಎಂದು ಕೇಳಿದರು.

"ನಾನೇ," ಎಂದಳು ಅಕ್ಕ.

"ಮತ್ತೆ, ನೀವೇ ಹೇಳಿದ್ದೀರಲ್ಲ ತಾಯಿ," ಎಂದು ಅವರು ಆ ಸಾಲುಗಳನ್ನು ನಿಧಾನವಾಗಿ ಓದಿದರು. ಪ್ರಯೋಜನವಿಲ್ಲದಿರುವುದರಿಂದ, ಸೂಕ್ತವೆಂದು, ಸೂಚಿಸಿದರು. ನಾನು ಅಷ್ಟು ಕಾಳಜಿಯಿಂದ ಜೋಡಿಸಿದ್ದ ಪದಗಳು.

ಅಕ್ಕ ನನ್ನ ಕಡೆ ನೋಡಲಿಲ್ಲ. ಪಟ್ಟಿ ಕಟ್ಟಿದ ಕಾಲನ್ನು ಮೆಲ್ಲಗೆ ಕುರ್ಚಿಯ ಕೆಳಗೆ ಎಳೆದುಕೊಂಡಳು, ತಪ್ಪು ಅದರದೇ ಅನ್ನುವ ಹಾಗೆ. ಒಂದು ಮಾತು ಆಡಿದ್ದರೆ ನನ್ನ ಕೆಲಸ ಅಲ್ಲೇ ಹೋಗುತ್ತಿತ್ತು. ಅವಳು ಆಡಲಿಲ್ಲ. ನಾನಾದರೂ ಆಡಬೇಕಿತ್ತು. ನಾನೂ ಆಡಲಿಲ್ಲ.

ಒಂದೇ ದಾರಿ ಇದೆ ಎಂದರು ಅಧಿಕಾರಿ. ನೋಟೀಸು ಬಂದ ಮೂವತ್ತು ದಿನದೊಳಗೆ ವಿಶೇಷ ಸಭೆ ಕರೆದು ಠರಾವನ್ನು ರದ್ದು ಮಾಡಬಹುದು. ಐವತ್ತು ಜನ ಹಾಜರಿರಬೇಕು, ನಮ್ಮ ಕಡೆಯಿಂದ ಒಬ್ಬರು ವೀಕ್ಷಕರು ಬರುತ್ತಾರೆ.

ವಾಪಸು ಬರುವಾಗ ಎರಡನೇ ಬಸ್ಸಿನಲ್ಲಿ ಅಕ್ಕ, "ಈ ಸಲದ್ದು ನೀನು ಓದಿ ಹೇಳ್ಲಿಲ್ಲ," ಎಂದಳು. ಅದಕ್ಕಿಂತ ಕೆನ್ನೆಗೆ ಎರಡು ಬಾರಿಸಿದ್ದರೆ ಚೆನ್ನಾಗಿತ್ತು.

ಇಪ್ಪತ್ತೆರಡನೇ ದಿನದ ಶನಿವಾರಕ್ಕೆ ಸಭೆ ಗೊತ್ತುಮಾಡಿದೆ. ಸಂಜೆ ಬಟ್ಟೆ ಕೊಡಲು ಹೊರಡುವ ಇಸ್ತ್ರಿಯಮ್ಮನ ಜೊತೆ ನಾನೂ ಮನೆ ಮನೆಗೆ ಹೋದೆ. ಪುಸ್ತಕವನ್ನು ಬೇಕೆಂತಲೇ ಕಚೇರಿಯಲ್ಲಿ ಬಿಟ್ಟಿದ್ದೆ. ಯಾರೂ ಬಾಗಿಲು ಹಾಕಲಿಲ್ಲ. ಕೂರಿಸಿ ಚಹಾ ಕೊಟ್ಟರು. ಅಕ್ಕನ ಕಾಲಿನ ಬಗ್ಗೆ ನಿಜವಾದ ಮರುಕದಿಂದ ವಿಚಾರಿಸಿದರು. ನರ್ಸಮ್ಮ ಹೋದರೆ ನಮ್ಮ ಮಕ್ಕಳಿಗೆ ಚುಚ್ಚುಮದ್ದು ಹಾಕುವವರು ಯಾರು, ನಮ್ಮ ಯಜಮಾನರ ಬಿಪಿ ನೋಡುವವರು ಯಾರು ಎಂದು ಅಲವತ್ತುಕೊಂಡರು. ಎಲ್ಲ ಆದ ಮೇಲೆ, ಪುಸ್ತಕ ಎಲ್ಲಿ ಸಾರ್, ಕೊಡಿ, ಸಹಿ ಹಾಕಿಬಿಡ್ತೀವಿ ಎಂದರು. ಈ ಸಲ ನೀವೇ ಬರಬೇಕು ಎಂದಾಗ ಮುಖ ಮುಖ ನೋಡಿಕೊಂಡರು. ಶನಿವಾರವಾ, ನಾಲ್ಕಕ್ಕಾ, ನೋಡೋಣ ಎಂದರು. ಐದನೇ ಮನೆಯ ಮೇಷ್ಟ್ರಂತೂ, ನಾನು ಏನು ಹೇಳ್ತೀನಿ ಅಂತ ನಿಮಗೆ ಗೊತ್ತೇ ಇದೆಯಲ್ಲ, ನೀವೇ ಬರ್ಕೊಳ್ಳಿ ಎಂದುಬಿಟ್ಟರು. ಅವರ ಮೇಲೆ ಸಿಟ್ಟು ನೆತ್ತಿಗೇರಿತು. ಆದರೆ ಅವರಿಗೆ ಆ ಪಾಠ ಹೇಳಿಕೊಟ್ಟ ಮೇಷ್ಟ್ರು ನಾನೇ ಅಲ್ಲವೇ?

ಆ ಶನಿವಾರ ಅಕ್ಕ ಎಲ್ಲರಿಗಿಂತ ಮೊದಲೇ ಬಂದಳು. ಹತ್ತೊಂಬತ್ತು ಮೆಟ್ಟಿಲುಗಳನ್ನು ಹಿಂದುಮುಂದಾಗಿ ಕೂತುಕೊಂಡೇ ಹತ್ತಿದಳು, ಗಾಯ ನೆಲಕ್ಕೆ ತಾಗದ ಹಾಗೆ. ಕೈ ಹಿಡಿಯಲು ಹೋದರೆ ಬೇಡ ಅಂದಳು. ಮೊದಲನೇ ಸಾಲಿನಲ್ಲಿ ಕೂತು, ಕಾಲನ್ನು ಇನ್ನೊಂದು ಕುರ್ಚಿಯ ಮೇಲೆ ಚಾಚಿದಳು.

ನಾಲ್ಕಕ್ಕೆ ಒಂಬತ್ತು ಜನ. ವೀಕ್ಷಕರು ದಪ್ಪ ಕನ್ನಡಕದ, ಮಿತಭಾಷಿ ಮನುಷ್ಯ. ಆರಕ್ಕೆ ಹಾಜರಿ ಮುಚ್ಚಬೇಕು ಎಂದರು. ನಾಲ್ಕೂವರೆಗೆ ಇಪ್ಪತ್ತು. ಕ್ಷೌರದಂಗಡಿಯವನು ಅಂಗಡಿಗೆ ಬೀಗ ಹಾಕಿ, ಇದ್ದಬದ್ದ ಗಿರಾಕಿಗಳನ್ನೆಲ್ಲ ಎಳೆದುಕೊಂಡು ಬಂದ. ಅದರಲ್ಲಿ ಒಬ್ಬರ ಗಡ್ಡ ಅರ್ಧ ಬೋಳಿಸಿಯಾಗಿತ್ತು, ಇನ್ನರ್ಧದಲ್ಲಿ ಸೋಪು ಒಣಗಿತ್ತು. ಜನ ನಕ್ಕರು. ಪರಸ್ಪರ ಪರಿಚಯ ಮಾಡಿಕೊಂಡರು. ಒಂದೇ ಗೋಡೆಯ ಈಚೆ ಆಚೆ ಹದಿನೈದು ವರ್ಷ ಇದ್ದ ಇಬ್ಬರು ಹೆಂಗಸರು ಆವತ್ತು ಮೊದಲ ಸಲ ಮಾತಾಡಿದರಂತೆ. ಐದೂವರೆಗೆ ನಲವತ್ತೊಂದು. ಕ್ಷೌರದವನು ಹಿಗ್ಗಿನಿಂದ, ನಮ್ಮ ವಾರ್ಡು ಇಷ್ಟು ಜನ ಸೇರಿದ್ದನ್ನು ನಾನು ಹುಟ್ಟಿದಾಗಿನಿಂದ ನೋಡಿಲ್ಲ ಎನ್ನುತ್ತಿದ್ದ.

ಆಮೇಲೆ ಅಕ್ಕ ಎದ್ದು ನಿಂತಳು. ಇಪ್ಪತ್ತೊಂದು ವರ್ಷ ನನ್ನ ಪುಸ್ತಕದಲ್ಲಿ ನಿರರ್ಗಳವಾಗಿ ಮಾತಾಡಿದವಳ ದನಿ ನಡುಗುತ್ತಿತ್ತು. "ನನ್ನ ಕಾಲಿಗೆ ನೋವು ಗೊತ್ತಾಗಲ್ಲ," ಎಂದಳು. "ನರ್ಸಮ್ಮ ನೋಡಿ ಹೇಳಿದ್ರೇನೇ ನನಗೆ ಗೊತ್ತಾಗೋದು. ಅವರನ್ನ ಕಳಿಸ್ಬೇಡಿ." ಅಷ್ಟೇ. ಕೂತುಬಿಟ್ಟಳು. ನಾನು ಬರೆದ ಯಾವ ಭಾಷಣಕ್ಕೂ ಆ ತೂಕ ಇರಲಿಲ್ಲ. ಆದರೂ ನನ್ನ ಹಾಳು ಕೈ ಸುಮ್ಮನಿರದೆ, 'ಭಾವಪೂರ್ಣವಾಗಿ ಮನವಿ ಸಲ್ಲಿಸಿದರು' ಎಂದು ಬರೆಯಿತು.

ಆರಕ್ಕೆ ಐದು ನಿಮಿಷವಿದ್ದಾಗ ನಾನು ತಲೆಗಳನ್ನು ಎಣಿಸಿದೆ. ನಲವತ್ತಾರು. ಮತ್ತೆ ಎಣಿಸಿದೆ. ನಲವತ್ತಾರೇ. ಅಷ್ಟರಲ್ಲಿ ಕ್ಷೌರದವನು ಮೇಜಿನ ಪಕ್ಕ ಬಂದು ನಿಂತು, ಎಲ್ಲರೂ ಈ ಕಡೆ ನೋಡಿ ಎಂದು ಮೊಬೈಲಿನಲ್ಲಿ ಫೋಟೋ ತೆಗೆದ. ನನಗೆ ಅದರ ಕಡೆ ಗಮನವೇ ಇರಲಿಲ್ಲ. ಇಸ್ತ್ರಿಯಮ್ಮ ನನ್ನ ಮುಖ ನೋಡಿದಳು. ಹಾಜರಿ ಪುಸ್ತಕ ತೆಗೆದುಕೊಂಡು ಕೆಳಗಿಳಿದು ಹೋದಳು. ನಾನು ಹೋಗು ಅನ್ನಲಿಲ್ಲ, ಬೇಡ ಅಂತಲೂ ಅನ್ನಲಿಲ್ಲ. ಆರು ಹೊಡೆಯುವ ಮೊದಲೇ ಎದುರು ಸಾಲಿನ ಮನೆಗಳಿಂದ ನಾಲ್ಕು ಸಹಿಗಳು ಬಂದವು.

ವೀಕ್ಷಕರು ಚೀಲದಿಂದ ಒಂದು ಹಳೆಯ ನಿಯಮಗಳ ಪುಸ್ತಕ ತೆಗೆಯುತ್ತಾ, "ಎಷ್ಟಾಯ್ತು? ಐವತ್ತು ಆಗದೇ ಇದ್ರೆ ಏನು ಅಂದ್ರೆ..." ಎಂದು ಶುರುಮಾಡಿದರು.

"ಆಗಿದೆ ಸಾರ್," ಎಂದೆ ನಾನು, ಅವರ ಮಾತನ್ನು ಅರ್ಧಕ್ಕೇ ಕತ್ತರಿಸಿ. "ಐವತ್ತು. ಪೂರ್ತಿ ಐವತ್ತು."

ಅವರು ಪುಸ್ತಕವನ್ನು ಮತ್ತೆ ಚೀಲಕ್ಕೆ ಹಾಕಿಕೊಂಡು ಸಹಿ ಮಾಡಿದರು. ಜನ ಚಪ್ಪಾಳೆ ತಟ್ಟಿದರು.

ಮನೆಗೆ ಬರುವಾಗ ಅಕ್ಕ ನನ್ನ ಭುಜದ ಮೇಲೆ ಕೈ ಇಟ್ಟುಕೊಂಡು ನಡೆಯುತ್ತಾ, "ನಲವತ್ತಾರಲ್ವೇನೋ?" ಎಂದಳು. "ನಾನೂ ಎಣಿಸ್ದೆ." ನಿನ್ನ ಕಾಲಿಗಾಗಿಯೇ ಅಕ್ಕ ಎಂದೆ. ಅದು ನಿಜವೂ ಆಗಿತ್ತು. ಹತ್ತು ದಿನ ನಮ್ಮ ವಾರ್ಡು ಬೀಗಿತು. ನರ್ಸಮ್ಮ ಕಟ್ಟಿಟ್ಟಿದ್ದ ಡಬ್ಬಗಳನ್ನು ಬಿಚ್ಚಿ ಮತ್ತೆ ಕಪಾಟಿನಲ್ಲಿ ಜೋಡಿಸಿದರು.

ಕ್ಷೌರದವನು ಆ ಫೋಟೋವನ್ನು ದೊಡ್ಡದಾಗಿ ಮಾಡಿಸಿ, ಚೌಕಟ್ಟು ಹಾಕಿಸಿ, ಅಂಗಡಿಯ ಕನ್ನಡಿಯ ಎದುರು ಗೋಡೆಗೆ ತೂಗುಹಾಕಿದ್ದ. ಅವನ ತಪ್ಪೇನು? ಬಾಳಿನಲ್ಲಿ ಒಮ್ಮೆ ಊರೆಲ್ಲ ಸೇರಿ ಒಂದು ಒಳ್ಳೆಯ ಕೆಲಸ ಮಾಡಿದೆವು ಅನ್ನುವ ಖುಷಿ. ಗೋದಾಮಿನ ಗುತ್ತಿಗೆದಾರನ ಕಡೆಯವನೊಬ್ಬ ಒಂದು ದಿನ ಅದೇ ಅಂಗಡಿಗೆ ಕ್ಷೌರಕ್ಕೆ ಬಂದ. ಕೂತವನಿಗೆ ಕನ್ನಡಿಯಲ್ಲಿ ಆ ಫೋಟೋ ಕಂಡಿತು. ಇದೇನು ಎಂದು ಕೇಳಿದ. ಕ್ಷೌರದವನು ಆ ಸಂಜೆಯ ಕಥೆಯನ್ನು ಒಂದೂ ಬಿಡದೆ ವರ್ಣಿಸಿ ಹೇಳಿದನಂತೆ. ಅವನು ಕತ್ತರಿಯ ಕೆಳಗೆ ಕೂತು ಮನಸ್ಸಿನಲ್ಲೇ ತಲೆಗಳನ್ನು ಎಣಿಸುತ್ತಿದ್ದ. ಹೋಗುವಾಗ, ಒಳ್ಳೆಯ ಫೋಟೋ, ನನಗೂ ಒಂದು ಪ್ರತಿ ಕಳಿಸು ಎಂದ. ಇವನು ಸಂತೋಷದಿಂದ ಕಳಿಸಿದ.

ಮೇಲಿನ ಕಚೇರಿಯಿಂದ ಕರೆ ಬಂದದ್ದು ಮೂವತ್ತೆರಡನೇ ದಿನ. ಅಧಿಕಾರಿಯ ಮೇಜಿನ ಮೇಲೆ ಫೋಟೋ ಇತ್ತು. ಪ್ರತಿ ತಲೆಯ ಮೇಲೂ ಪೆನ್ಸಿಲಿನಲ್ಲಿ ಒಂದೊಂದು ಚುಕ್ಕೆ. ನಲವತ್ತೈದು ಚುಕ್ಕೆ, ತೆಗೆದವನು ಸೇರಿದರೆ ನಲವತ್ತಾರು. ಅರ್ಧ ಗಡ್ಡದವರ ಮೇಲೂ ಒಂದು, ಅಕ್ಕನ ಮೇಲೂ ಒಂದು. ಸುಳ್ಳು ಹಾಜರಿಯ ಸಭೆ ಸಭೆಯೇ ಅಲ್ಲ, ಅದರ ಠರಾವೂ ಅಸಿಂಧು ಎಂದರು. ನನ್ನನ್ನು ಅಮಾನತು ಮಾಡಿದ ಕಾಗದವೂ ಅಲ್ಲೇ ಸಿದ್ಧವಿತ್ತು. ಅದರ ಬಗ್ಗೆ ನನಗೇನೂ ಅನ್ನಿಸಲಿಲ್ಲ. ಇನ್ನೊಂದು ಸಭೆ ಕರೆಯುತ್ತೇನೆ ಸಾರ್, ಈ ಸಲ ಐವತ್ತಲ್ಲ ನೂರು ಜನರನ್ನು ಕರೆತರುತ್ತೇನೆ ಎಂದು ಅಂಗಲಾಚಿದೆ. ಮೂವತ್ತು ದಿನ ಮುಗಿದಿತ್ತು.

ಹೊರಗೆ ಕಾರಿಡಾರಿನಲ್ಲಿ ಆ ದಪ್ಪ ಕನ್ನಡಕದ ವೀಕ್ಷಕರು ನಿಂತಿದ್ದರು. ಚೀಲದಿಂದ ಅದೇ ಪುಸ್ತಕ ತೆಗೆದು ಒಂದು ಪುಟ ಬಿಡಿಸಿ ನನ್ನ ಕೈಗಿಟ್ಟರು. ಕೋರಂ ಇಲ್ಲದಿದ್ದರೆ ಸಭೆಯನ್ನು ಏಳು ದಿನ ಮುಂದೂಡಬೇಕು. ಮುಂದೂಡಿದ ಸಭೆಗೆ ಕೋರಂ ಅಗತ್ಯವಿಲ್ಲ. ಬಂದವರು ಎಷ್ಟೇ ಇರಲಿ, ಅವರ ತೀರ್ಮಾನವೇ ತೀರ್ಮಾನ.

"ಆವತ್ತು ನಾನು ಇದನ್ನೇ ಹೇಳೋಕೆ ಬಂದೆ," ಎಂದರು. "ನೀವು ಬಿಡ್ಲಿಲ್ಲ."

ಇಪ್ಪತ್ತೆರಡಕ್ಕೆ ಏಳು ಸೇರಿದರೆ ಇಪ್ಪತ್ತೊಂಬತ್ತು. ಒಂದು ದಿನ ಕೈಯಲ್ಲಿರುತ್ತಿತ್ತು. ನಲವತ್ತಾರು ಎಂದು ನಿಜ ಬರೆದಿದ್ದರೆ ಸಾಕಿತ್ತು. ಇಪ್ಪತ್ತೊಂದು ವರ್ಷ ಸಭೆಯ ಗುಮಾಸ್ತನಾಗಿದ್ದವನಿಗೆ ಆ ನಿಯಮ ಗೊತ್ತಿರಲಿಲ್ಲ. ಹೇಗೆ ಗೊತ್ತಿರುತ್ತದೆ? ನನ್ನ ಪುಸ್ತಕದಲ್ಲಿ ಒಂದು ದಿನವೂ ಕೋರಂ ತಪ್ಪಿರಲಿಲ್ಲ. ಆ ಕಾರಿಡಾರಿನ ಬೆಂಚಿನ ಮೇಲೆ ಕೂತು, ಬರುವವರು ಹೋಗುವವರು ನೋಡುತ್ತಿದ್ದರೂ ಲೆಕ್ಕಿಸದೆ ಅತ್ತೆ.

ನರ್ಸಮ್ಮನ ಮನೆಯ ಎರಡು ಕೋಣೆಗಳಲ್ಲಿ ಈಗ ಸಿಮೆಂಟಿನ ಚೀಲಗಳಿವೆ. ನರ್ಸಮ್ಮನನ್ನು ಬೇರೆ ಕಡೆಗೆ ಹಾಕಿದರು. ಹೋಗುವ ಮುಂಚೆ ನನಗೆ ಪಟ್ಟಿ ಕಟ್ಟುವುದನ್ನು ಎರಡು ಸಲ ತೋರಿಸಿಕೊಟ್ಟರು. ನಾನು ಕಲಿತೆ, ಕಟ್ಟಿದೆ. ಆದರೆ ನನ್ನ ಕಣ್ಣಿಗೆ ಮಾಯುವ ಕೆಂಪು ಯಾವುದು, ಕೆಡುವ ಕೆಂಪು ಯಾವುದು ಎಂದು ತಿಳಿಯುತ್ತಿರಲಿಲ್ಲ. ದೊಡ್ಡ ಆಸ್ಪತ್ರೆಗೆ ಎರಡು ಬಸ್ಸು, ಒಂದು ಮೇಲ್ಸೇತುವೆ, ಬೆಳಗ್ಗೆ ಆರರಿಂದ ಸಾಲು. ವಾರಕ್ಕೆ ಮೂರು ಸಲ ಹೋಗಬೇಕಾದಲ್ಲಿ ಒಂದು ಸಲ ಹೋಗುತ್ತಿದ್ದೆವು. ನೋವಿಲ್ಲವಲ್ಲ ಬಿಡೋ, ನಾಳೆ ಹೋದರಾಯಿತು ಎನ್ನುತ್ತಿದ್ದಳು ಅಕ್ಕ. ಮೂರನೇ ತಿಂಗಳು ಕಿರುಬೆರಳು ಕಪ್ಪಾಯಿತು. ಐದನೇ ತಿಂಗಳು ಮೊಣಕಾಲಿನ ಕೆಳಗೆ ಕಾಲು ತೆಗೆದರು.

ಇಡೀ ವಾರ್ಡು ನೋಡಲು ಬಂತು. ಇಪ್ಪತ್ತೊಂದು ವರ್ಷದಲ್ಲಿ ಸಭೆಗೆ ಬಾರದಿದ್ದವರೆಲ್ಲ ಹಣ್ಣು ಹಿಡಿದುಕೊಂಡು ಆಸ್ಪತ್ರೆಯ ಮೆಟ್ಟಿಲು ಹತ್ತಿದರು. ಎರಡು ದಿನದಲ್ಲಿ ಐವತ್ತಕ್ಕೂ ಹೆಚ್ಚು ಜನ. ನಾನು ಎಣಿಸಿದೆ, ಅಭ್ಯಾಸ ಬಲ. ಎಣಿಸುತ್ತಾ ಎಣಿಸುತ್ತಾ ನನಗೆ ಅವರ ಮೇಲೂ ನನ್ನ ಮೇಲೂ ಹೇಸಿಗೆಯಾಯಿತು.

ಹೊಸ ಗುಮಾಸ್ತೆಯಾಗಿ ಒಬ್ಬ ಹುಡುಗಿ ಬಂದಳು. ಬಂದ ಎರಡನೇ ತಿಂಗಳೇ ಅವಳೂ ಪುಸ್ತಕವನ್ನು ಇಸ್ತ್ರಿಯಮ್ಮನ ಕೈಯಲ್ಲಿ ಕಳಿಸಿದಳು. ಯಾರೂ ಹೇಳಿಕೊಡಬೇಕಾಗಿರಲಿಲ್ಲ, ಅರವತ್ತು ಖಾಲಿ ಕುರ್ಚಿಗಳೇ ಹೇಳಿಕೊಟ್ಟಿರಬೇಕು. ಇಸ್ತ್ರಿಯಮ್ಮ ಮೊದಲು ನಮ್ಮ ಮನೆಗೇ ಬಂದು ಬಾಗಿಲಲ್ಲಿ ನಿಂತಳು. ಬಟ್ಟೆಯ ಗಂಟಿನ ಮೇಲೆ ಪುಸ್ತಕವಿತ್ತು. ಅಕ್ಕ ಅದನ್ನು ಈಸಿಕೊಂಡು ತೊಡೆಯ ಮೇಲಿಟ್ಟು ಪುಟ ತಿರುಗಿಸಿದಳು. ಠರಾವಿನ ಜಾಗವೆಲ್ಲ ಖಾಲಿ, ಸಹಿಯ ಜಾಗಕ್ಕೆ ಮಾತ್ರ ನಂಬರು ಹಾಕಿತ್ತು. ಮುಚ್ಚಿ ವಾಪಸು ಕೊಟ್ಟು, ಶನಿವಾರ ನಾನೇ ಬರುತ್ತೇನೆ ಎಂದು ಹೇಳು ಎಂದಳು. ಇಸ್ತ್ರಿಯಮ್ಮ ಪುಸ್ತಕವನ್ನು ಬೇರೆ ಯಾವ ಮನೆಗೂ ಒಯ್ಯಲಿಲ್ಲ. ನೇರವಾಗಿ ಕಚೇರಿಗೆ ಹೋಗಿ ಮೇಜಿನ ಮೇಲಿಟ್ಟು, ಇನ್ನು ಮೇಲೆ ಬಟ್ಟೆ ಮಾತ್ರ ಹೊರುತ್ತೇನೆ ಎಂದಳಂತೆ.

ಶನಿವಾರ ಆ ಹತ್ತೊಂಬತ್ತು ಮೆಟ್ಟಿಲುಗಳನ್ನು ಅಕ್ಕ ಮತ್ತೆ ಕೂತುಕೊಂಡೇ ಹತ್ತಿದಳು. ಊರುಗೋಲನ್ನು ನಾನು ಹಿಡಿದುಕೊಂಡಿದ್ದೆ. ಇಸ್ತ್ರಿಯಮ್ಮ ಗಾಡಿಗೆ ಟಾರ್ಪಾಲು ಮುಚ್ಚಿ ಬಂದಳು. ಕ್ಷೌರದವನು ಬಂದ, ಒಂದು ಮೂಲೆಯಲ್ಲಿ ತಲೆ ತಗ್ಗಿಸಿ ಕೂತ. ಆ ಫೋಟೋ ಅವನ ಗೋಡೆಯ ಮೇಲಿಂದ ಎಂದೋ ಇಳಿದಿತ್ತು. ಗೋಡೆಯ ಈಚೆ ಆಚೆಯ ಆ ಇಬ್ಬರು ಹೆಂಗಸರು ಬಂದರು. ಕೊನೆಗೆ ಐದನೇ ಮನೆಯ ಮೇಷ್ಟ್ರು ಏದುಸಿರು ಬಿಡುತ್ತಾ ಬಂದರು. ಆರರ ತನಕ ಕಾದೆವು. ಬೇರೆ ಯಾರೂ ಬರಲಿಲ್ಲ.

ಹುಡುಗಿ ಪೆನ್ನು ಹಿಡಿದು ನನ್ನ ಕಡೆ ನೋಡಿ, ಎಷ್ಟು ಜನ ಅಂತ ಬರೆಯಲಿ ಸಾರ್ ಎಂದು ಮೆಲ್ಲಗೆ ಕೇಳಿದಳು. ಏಳು ಎಂದೆ. ಅವಳು ಹಿಂಜರಿದಳು. ನಾನು ವೀಕ್ಷಕರಿಂದ ಬರೆದುಕೊಂಡಿದ್ದ ಆ ನಿಯಮದ ಚೀಟಿಯನ್ನು ಅವಳ ಮುಂದಿಟ್ಟೆ. ಮುಂದಿನ ಶನಿವಾರಕ್ಕೆ ಕೋರಂ ಬೇಡ, ನಾವು ಏಳು ಜನವೇ ಸಾಕು. ಅವಳು ಓದಿ, ಮತ್ತೆ ಓದಿ, ಹಾಜರಿದ್ದವರು ಏಳು ಎಂದು ಬರೆದಳು. ಆ ಪುಸ್ತಕದಲ್ಲಿ ಅಷ್ಟು ಸಣ್ಣ ಸಂಖ್ಯೆಯನ್ನು ನಾನು ನೋಡಿದ್ದು ಅದೇ ಮೊದಲು.

ಅಕ್ಕ ಕುರ್ಚಿಯ ಬೆನ್ನು ಹಿಡಿದು ಒಂಟಿ ಕಾಲಿನ ಮೇಲೆ ನಿಂತಳು. ಹಿಂದಿನ ಒಂದು ನಡಾವಳಿಯ ಬಗ್ಗೆ ಹೇಳಬೇಕು, ಇವತ್ತಿನ ಪುಟದಲ್ಲಿ ಅದನ್ನು ದಾಖಲಿಸಬೇಕು ಎಂದು ಹುಡುಗಿಗೆ ಹೇಳಿದಳು. ತಾರೀಖನ್ನೂ ಠರಾವಿನ ನಂಬರನ್ನೂ ನೋಡದೆ ಹೇಳಿದಳು. ಕೊನೆಗೂ ನನ್ನ ಹೆಸರು ಹೇಳುತ್ತಾಳೆ ಅಂದುಕೊಂಡೆ, ಹೇಳಲಿ ಎಂದೇ ಬಯಸಿದೆ.

"ಹದಿನಾಲ್ಕನೇ ಮನೆಯವಳು ಅವತ್ತು ಆ ಮಾತು ಹೇಳಿರ್ಲಿಲ್ಲ," ಎಂದಳು ಅಕ್ಕ. "ಬೇಡ ಅಂತ ಹೇಳೋಕೂ ಅವಳು ಬಂದಿರ್ಲಿಲ್ಲ. ಎರಡನ್ನೂ ಬರ್ಕೊಳ್ಳಮ್ಮ."

ಹುಡುಗಿ ಬರೆದಳು. ಬರೆದದ್ದನ್ನು ಓದಿ ಹೇಳು ಎಂದಳು ಅಕ್ಕ. ಹುಡುಗಿ ಓದಿದಳು. ಅಕ್ಕ ಹೇಳಿದ್ದಕ್ಕಿಂತ ಒಂದು ಪದ ಹೆಚ್ಚಿರಲಿಲ್ಲ, ಒಂದು ಪದ ಕಡಿಮೆಯಿರಲಿಲ್ಲ. ಅಕ್ಕ ಸಹಿ ಹಾಕಿ, ಪೆನ್ನನ್ನು ನನ್ನ ಕೈಗೆ ಕೊಟ್ಟಳು.